ಬೆಂಕಿ ಆರಿಸುವ ಕೈಗೆ ಪಾಠ

ಸುಗ್ಗಿಯ ದಿನಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿದಾರಿಯಲ್ಲಿ ಹೋದವರಿಗೆ ಈ ನೋಟ ಹೊಸದಲ್ಲ. ಗೋವಿನಜೋಳದ ಸೊಪ್ಪೆಯನ್ನೋ ಭತ್ತದ ಹುಲ್ಲನ್ನೋ ಎರಡಾಳೆತ್ತರ ಹೇರಿಕೊಂಡು ಟ್ರ್ಯಾಕ್ಟರು ಊರೊಳಗೆ ಬರುತ್ತಿರುತ್ತದೆ. ಮೇಲೆ ವಿದ್ಯುತ್ತಿನ ತಂತಿ ಜೋತುಬಿದ್ದಿದೆ. ಹೇರಿನ ನೆತ್ತಿಯ ಮೇಲೆ ಕುಳಿತ ಹುಡುಗನೊಬ್ಬ ಕೋಲಿನಿಂದ ಆ ತಂತಿಯನ್ನು ಎತ್ತಿ ಹಿಡಿಯುತ್ತಾನೆ, ಗಾಡಿ ಕೆಳಗೆ ನುಸುಳುತ್ತದೆ. ನೋಡಿದವರ ಎದೆ ನಡುಗಬೇಕು. ನಮಗೆ ಅದು ರೂಢಿಯಾಗಿಬಿಟ್ಟಿದೆ. ಕಿಡಿಯೊಂದು ಬಿದ್ದ ದಿನ ಮಾತ್ರ ಊರಿಗೆ ಊರೇ ಕೊಡ ಹಿಡಿದು ಓಡುತ್ತದೆ; ಯಾರೋ ಒಬ್ಬರು ಅಗ್ನಿಶಾಮಕ ಠಾಣೆಗೆ ಫೋನು ಮಾಡುತ್ತಾರೆ.

ಬರುವ ಆ ಜನ ಏನನ್ನು ಕಲಿತು ಬಂದಿರುತ್ತಾರೆ, ಇನ್ನೇನನ್ನು ಕಲಿಯಬೇಕಾಗಿದೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ.

ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಆಧಾರವಾದುದು ೧೯೬೪ರ ಕಾಯಿದೆ. ದಳಕ್ಕೆ ಸೇರಿದವರಿಗೆ ಬೆಂಗಳೂರಿನಲ್ಲಿ ಆರ್. ಎ. ಮುಂಡ್ಕೂರ ಅವರ ಹೆಸರಿನ ಅಕಾಡೆಮಿ ಇದೆ. ಮೇಲಿನ ಹುದ್ದೆಗೆ ಏರತಕ್ಕವರಿಗೆ ನಾಗಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಮಹಾವಿದ್ಯಾಲಯವಿದೆ. ೧೯೫೬ರಲ್ಲಿ ಉತ್ತರ ಪ್ರದೇಶದ ರಾಮಪುರದಲ್ಲಿ ಹುಟ್ಟಿ ಮರುವರ್ಷವೇ ಅಲ್ಲಿಗೆ ಬಂದ ಸಂಸ್ಥೆ ಅದು. ಏಣಿ ಏರುವುದು, ಕೊಳವೆ ಬಿಚ್ಚಿ ಜೋಡಿಸುವುದು, ಹಗ್ಗಕ್ಕೆ ಗಂಟು ಹಾಕುವುದು, ಎಚ್ಚರ ತಪ್ಪಿದವನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಸುವುದು, ಇಂಥವೆಲ್ಲ ಅಗ್ನಿಶಾಮಕನ ಅಕ್ಷರಮಾಲೆ. ಅಕ್ಷರ ಬಂದರೆ ಕಾಗದ ಓದಲು ಬಂದೀತು. ಆದರೆ ನಮ್ಮ ಸೀಮೆಯ ಬೆಂಕಿ ಬರೆಯುವ ಕಾಗದ ಬೇರೆ ತರಹದ್ದು.

ಬಣವೆಯನ್ನೇ ನೋಡಿರಿ. ಹೊಸಬನಾದವನು ಗಾಡಿಯಿಂದ ಇಳಿದವನೇ ನೀರಿನ ಬಿರುಧಾರೆಯನ್ನು ನೇರವಾಗಿ ಬಣವೆಗೆ ಹೊಡೆದರೆ ಉರಿಯುವ ಹುಲ್ಲು ಸಿಡಿದು ಪಕ್ಕದ ಬಣವೆಯ ಮೇಲೆ ಬೀಳುತ್ತದೆ. ಹುಲ್ಲಿನ ಮೈ ನೀರನ್ನು ಜಾರಿಸಿಬಿಡುತ್ತದೆ. ಹೊರಗೆ ಆರಿದಂತೆ ಕಂಡರೂ ಒಳಗೆ ಕೆಂಡ ಕುದಿಯುತ್ತಿರುತ್ತದೆ. ಬಲ್ಲವನು ಮೊದಲು ಗಾಳಿಯ ದಿಕ್ಕು ನೋಡುತ್ತಾನೆ. ಹತ್ತದಿರುವ ಬಣವೆಗಳನ್ನು ತುಂತುರಿನಿಂದ ತೋಯಿಸುತ್ತಾನೆ. ಆಮೇಲೆ ಕೊಕ್ಕೆಯಿಂದ ಹುಲ್ಲನ್ನು ಎಳೆದೆಳೆದು ಹರಡಿ, ಒಳಗಿನ ಕೆಂಡಕ್ಕೆ ನೀರು ಮುಟ್ಟಿಸುತ್ತಾನೆ. ಇದು ಗಂಟೆಗಟ್ಟಲೆ ನಡೆಯುವ, ಬೆನ್ನು ಮುರಿಯುವ ಕೆಲಸ. ಹತ್ತಿಯ ಬೇಲಿನದೂ ಇದೇ ಕಥೆ. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡನ್ನೂ ಒಟ್ಟಿಗೆ ಹೊತ್ತು ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ, ಬೆಂಕಿ ಆರಿಸಲು ಹೋದ ಅರವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಆ ದಿನವನ್ನೇ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ.

ಇನ್ನು ನೀರಿನ ಲೆಕ್ಕ. ೪,೫೦೦ ಲೀಟರು ನೀರು ಹಿಡಿಯುವ ಗಾಡಿ ಒಂದು ಬಂತೆನ್ನಿ. ನಿಮಿಷಕ್ಕೆ ೪೫೦ ಲೀಟರು ಬಿಡುವ ಒಂದೇ ಒಂದು ಮೂತಿ ತೆರೆದರೆ ಹತ್ತು ನಿಮಿಷಕ್ಕೆ ತೊಟ್ಟಿ ಬರಿದು! ಮುಂದೆ? ಕೆರೆಯೋ ಬಾವಿಯೋ ಹುಡುಕಬೇಕು. ಪಂಪು ನೀರನ್ನು ಎಳೆಯುವುದು ವಾತಾವರಣದ ಒತ್ತಡದ ಬಲದಿಂದ. ಲೆಕ್ಕಕ್ಕೆ ಹತ್ತು ಮೀಟರಿನಷ್ಟು ಏರಬೇಕಾದರೂ ಕೆಲಸದಲ್ಲಿ ಏಳೆಂಟು ಮೀಟರಿಗಿಂತ ಆಳದ ನೀರು ಮೇಲೆ ಬಾರದು. ಬೇಸಿಗೆಯಲ್ಲಿ ನೀರು ತಳ ಕಂಡ ಬಾವಿಯ ಮುಂದೆ ಎಂಥ ಗಾಡಿಯೂ ಸುಮ್ಮನೆ ನಿಲ್ಲಬೇಕಾಗುತ್ತದೆ. ಹಾನಗಲ್ಲಿನ ಆನೆಕೆರೆಗೆ, ಸವಣೂರಿನ ಮೋತಿ ತಲಾಬಿಗೆ ಗಾಡಿ ಯಾವ ಬದಿಯಿಂದ ಇಳಿದೀತು, ಕೆಸರಿನಲ್ಲಿ ಗಾಲಿ ಹುಗಿಯದ ಜಾಗ ಎಲ್ಲಿದೆ ಎಂಬ ಪಾಠವನ್ನು ಬೆಂಗಳೂರಿನಲ್ಲಿ ಯಾರೂ ಹೇಳಿಕೊಡಲಾರರು. ಅದನ್ನು ಏರಿಯ ಮೇಲೆ ನಿಂತೇ ಕಲಿಯಬೇಕು. ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಬೇರೆ ಬೇರೆಯಾಗಿ ಕಲಿಯಬೇಕು. ಬಲ್ಲ ಹಿರಿಯ ಅಗ್ನಿಶಾಮಕನಿಗೆ ವರ್ಗವಾದರೆ ಅವನ ತಲೆಯಲ್ಲಿದ್ದ ನಕ್ಷೆಯೂ ಅವನ ಟ್ರಂಕಿನ ಜೊತೆಗೇ ಹೊರಟುಹೋಗುತ್ತದೆ. ಠಾಣೆಯಲ್ಲೊಂದು ಪುಸ್ತಕವಿಟ್ಟು ಬರೆದಿಡಬಾರದೇಕೆ ಎಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪಾಠ ಉಸಿರಿನದು. ೨೦೨೩ರ ಆಗಸ್ಟಿನಲ್ಲಿ ಹಾವೇರಿಯ ಬಳಿ ಆಲದಕಟ್ಟಿಯಲ್ಲಿ ಪಟಾಕಿಯ ದಾಸ್ತಾನಿಗೆ ಬೆಂಕಿ ಹತ್ತಿ ಕೆಲಸಗಾರರು ಸತ್ತುದನ್ನು ನೀವು ಮರೆತಿರಲಾರಿರಿ. ಅಂಥ ಮುಚ್ಚಿದ ಜಾಗದಲ್ಲಿ ಉರಿಗಿಂತ ಮೊದಲು ಕೊಲ್ಲುವುದು ಹೊಗೆ. ಒಳಗೆ ಹೋಗುವವನು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಮುಖಕ್ಕೆ ಮುಖವಾಡ ಹಾಕಿ, ನೆಲಕ್ಕೆ ಮೈ ತಾಗಿಸಿ ಗೋಡೆ ತಡಕುತ್ತ ಸಾಗಬೇಕು. ಆರು ಲೀಟರಿನ ಸಿಲಿಂಡರಿನಲ್ಲಿ ೩೦೦ ಬಾರ್ ಒತ್ತಡಕ್ಕೆ ಒತ್ತಿದ ಗಾಳಿ ಸುಮಾರು ೧,೮೦೦ ಲೀಟರು. ನಿಮಿಷಕ್ಕೆ ೪೦ ಲೀಟರಿನಂತೆ ಉಸಿರಾಡಿದರೆ ಮುಕ್ಕಾಲು ಗಂಟೆ. ಹೆದರಿ ಏದುಸಿರು ಬಿಟ್ಟವನಿಗೆ ಅದರ ಅರ್ಧವೂ ಸಾಲದೆ ಹೋದೀತು. ಉಪಕರಣ ಒಂದೇ, ಗಾಳಿಯೂ ಅಷ್ಟೇ. ಹೆಚ್ಚು ಕಡಿಮೆಯಾಗುವುದು ಅಭ್ಯಾಸ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹೊಗೆ ತುಂಬಿದ ಕೋಣೆಯಲ್ಲಿ ಹತ್ತಾರು ಸಲ ತೆವಳಿದವನಿಗೆ ಮಾತ್ರ ನಿಜವಾದ ಹೊಗೆಯಲ್ಲಿ ಉಸಿರು ನಿಧಾನವಾಗುತ್ತದೆ. ಆರು ತಿಂಗಳು ಅದನ್ನು ಮುಟ್ಟದೆ ಬಿಟ್ಟರೆ ಕೈ ಮತ್ತೆ ಮರೆಯುತ್ತದೆ.

ಹಗೇವು, ಹಾಳುಬಾವಿ, ಶೌಚದ ಗುಂಡಿಗಳ ಅಪಾಯವೂ ಇದೇ ಜಾತಿಯದು. ಹಗೇವಿನಲ್ಲಿಟ್ಟ ಕಾಳು ತಾನೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲವನ್ನು ತಳದಲ್ಲಿ ತುಂಬುತ್ತದೆ. ಇಳಿದ ಅಣ್ಣ ಮೇಲೆ ಬರಲಿಲ್ಲವೆಂದು ತಮ್ಮ ಇಳಿಯುತ್ತಾನೆ, ಅವನೂ ಬರುವುದಿಲ್ಲ. ತರಬೇತಾದವನಾದರೂ ಗಾಳಿಯ ಸಿಲಿಂಡರಿಲ್ಲದೆ ಇಳಿಯುವುದಿಲ್ಲ, ಸೊಂಟಕ್ಕೆ ಹಗ್ಗವಿಲ್ಲದೆ ಇಳಿಯುವುದಿಲ್ಲ. ಅವನು ಹಗ್ಗ ಕಟ್ಟಿಕೊಳ್ಳುವಷ್ಟು ಹೊತ್ತು ದಂಡೆಯ ಮೇಲಿನ ಜನ, "ಇಷ್ಟು ತಡವೇಕೆ, ಅಂಜಿಕೆಯೇ?" ಎಂದು ಬೈಯುವುದುಂಟು. ಬೈಯಬೇಡಿರಿ.

ಬೇಸಾಯದ ಬಿಡುವಿನಲ್ಲಿ ಊರ ಹೊರಗಿನ ಬಯಲಿನಲ್ಲಿ ಒಂದು ಸಣ್ಣ ಬಣವೆಯನ್ನು ಸುಟ್ಟು ಆರಿಸುವ ಅಭ್ಯಾಸಕ್ಕೆ ಠಾಣೆಯವರನ್ನು ನೀವೇ ಕರೆಯಬಹುದು. ಕೊಳೆತ ಹುಲ್ಲು ಸಾಕು, ನಿಮಗೆ ನಷ್ಟವಿಲ್ಲ. ಊರ ತರುಣರು ಕೊಕ್ಕೆ ಹಿಡಿದು ಜೊತೆಗೆ ನಿಲ್ಲಲಿ. ಅಡಿಗೆಯ ಗ್ಯಾಸು ಸೋರಿದರೆ ಅದು ಗಾಳಿಗಿಂತ ಭಾರವಾಗಿ ನೆಲದಲ್ಲೇ ಹರಿಯುತ್ತದೆ, ದೀಪದ ಗುಂಡಿ ಒತ್ತದೆ ಬಾಗಿಲು ತೆರೆಯಬೇಕು ಎಂಬುದನ್ನು ಮನೆಯ ಹೆಣ್ಣುಮಕ್ಕಳೂ ಅಂದೇ ಕಣ್ಣಾರೆ ನೋಡಲಿ. ಮತ್ತೆ, ೧೦೧ಕ್ಕೋ ೧೧೨ಕ್ಕೋ ಫೋನು ಮಾಡುವಾಗ ಊರಿನ ಹೆಸರಿನ ಜೊತೆಗೆ ತಾಲ್ಲೂಕಿನ ಹೆಸರನ್ನೂ ಹೇಳಿರಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬಹಳ. ಉರಿಯುತ್ತಿರುವುದು ಹುಲ್ಲೋ, ಎಣ್ಣೆಯೋ, ಗ್ಯಾಸೋ ಎಂಬುದನ್ನೂ ತಿಳಿಸಿರಿ. ಡಾಂಬರು ರಸ್ತೆಯಿಂದ ಊರಿಗೆ ತಿರುಗುವಲ್ಲಿ ಒಬ್ಬನನ್ನು ನಿಲ್ಲಿಸಿ, ಓಣಿಯ ಬಾಯಲ್ಲಿ ಬಿಟ್ಟ ಚಕ್ಕಡಿಯನ್ನು ಬದಿಗೆ ಸರಿಸಿರಿ.