ಪರದೇಶದಲ್ಲಿ ನಮ್ಮ ಪರಿಚಯ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಿರಿಯ ವಿದ್ಯಾರ್ಥಿಗಳ ಹಾಗೂ ಪೋಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೂರು ವರ್ಷಗಳ ಇತಿಹಾಸವನ್ನು ಹೇಳುವ ಅಧಿಕಾರ ನಮಗಿಂತ ಹೆಚ್ಚಾಗಿ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನಿವೃತ್ತ ಗುರುಗಳಿಗಿದೆ. ಅದನ್ನು ಅವರಿಗೇ ಬಿಟ್ಟು ನಾವು ತೀರ ಸಣ್ಣದೆಂದು ತೋರುವ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಪರದೇಶಕ್ಕೆ ಹೋದ ನಮ್ಮ ಮಕ್ಕಳು ಅಪರಿಚಿತರ ಮುಂದೆ ತಮ್ಮ ಹೆಸರು, ಮನೆ, ಹವ್ಯಾಸಗಳನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂಬುದೇ ಆ ವಿಷಯ.

ಇದನ್ನು ನಮ್ಮ ಮುಂದೆ ಇಟ್ಟವರು ಪೋಷಕರು. ಪ್ರತಿವರ್ಷ ಮೇ ತಿಂಗಳಲ್ಲಿ ದಾಖಲಾತಿಗೆಂದು ಬರುವ ತಂದೆತಾಯಿಗಳಲ್ಲಿ ಒಬ್ಬರಾದರೂ ಮೇಜಿನ ಬಳಿ ದನಿ ತಗ್ಗಿಸಿ ಕೇಳುತ್ತಾರೆ: “ಟೀಚರ್, ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ನಾಳೆ ದುಬಾಯಿಗೋ ಜರ್ಮನಿಗೋ ಹೋದರೆ ನಾಲ್ಕು ಜನರ ಮುಂದೆ ತನ್ನ ಪರಿಚಯವನ್ನಾದರೂ ಹೇಳಿಕೊಂಡೀತೇ?” ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಇದಕ್ಕೆ ಸಿಗುವ ಉತ್ತರವನ್ನು ಅವಲಂಬಿಸಿಯೇ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಏರುತ್ತವೆ, ಇಳಿಯುತ್ತವೆ. ಗಡಿನಾಡಿನ ಕನ್ನಡ ಶಾಲೆಯ ಆಯುಷ್ಯ ಇರುವುದು ಆ ಪುಸ್ತಕದಲ್ಲಿ.

ಪರಿಚಯ ಹೇಳಿಕೊಳ್ಳುವುದು ಕೇವಲ ಸಭ್ಯತೆಯ ಮಾತಾಗಿ ಉಳಿದಿಲ್ಲ, ಅದೀಗ ಪರೀಕ್ಷೆಯೂ ಆಗಿದೆ. ಕೇರಳ ಸರಕಾರದ ನೋರ್ಕಾ ಸಂಸ್ಥೆಯು ಜರ್ಮನಿಯ ಉದ್ಯೋಗ ಇಲಾಖೆಯೊಂದಿಗೆ 2021ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ದಾದಿಯರ ಕೆಲಸಕ್ಕೆ ಆ ದೇಶದತ್ತ ಮುಖ ಮಾಡುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. ಪತಿಯೊಂದಿಗೆ ನೆಲೆಸಲು ಅಲ್ಲಿಗೆ ಹೋಗುವವರೂ ಅನೇಕ ಸಂದರ್ಭಗಳಲ್ಲಿ ಜರ್ಮನ್ ಭಾಷೆಯ ಮೊದಲ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಗೊಯೆಟೆ ಇನ್‌ಸ್ಟಿಟ್ಯೂಟ್ ನಡೆಸುವ ಆ ಪರೀಕ್ಷೆಯ ಮೌಖಿಕ ಭಾಗದಲ್ಲಿ ಮೊದಲ ಕೆಲಸವೇ ಸ್ವಪರಿಚಯ. ಅಭ್ಯರ್ಥಿಯ ಮುಂದೆ ಏಳು ಪದಗಳನ್ನು ಇಡುತ್ತಾರೆ: ಹೆಸರು, ವಯಸ್ಸು, ದೇಶ, ವಾಸಸ್ಥಳ, ಭಾಷೆಗಳು, ಉದ್ಯೋಗ, ಹವ್ಯಾಸ. ಇವನ್ನು ಹಿಡಿದು ತನ್ನ ಪರಿಚಯ ಹೇಳಬೇಕು. ಬಳಿಕ ಹೆಸರಿನಂಥ ಒಂದು ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು, ದೂರವಾಣಿ ಸಂಖ್ಯೆಯಂಥ ಒಂದು ಅಂಕಿಯನ್ನು ಹೇಳಬೇಕು. ಅಷ್ಟೇ. ಕಠಿಣವಾದುದೇನೂ ಇಲ್ಲವೆಂದು ತೋರುತ್ತದೆ. ಆದರೆ ನಮ್ಮ ಊರಿನವರು ಈ ಏಳು ಪದಗಳನ್ನು ಎದುರಿಸುವಾಗ ಒಂದೊಂದರಲ್ಲೂ ಒಂದು ತೊಡಕು ಎದುರಾಗುತ್ತದೆ. ಹೊರಗಿನವರು ಆ ತೊಡಕನ್ನು ಊಹಿಸಲಾರರು.

ಹೆಸರನ್ನೇ ನೋಡೋಣ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಮಗುವಿನ ಹೆಸರಿನ ಹಿಂದೆ ಒಂದಕ್ಷರ ಇರುತ್ತದೆ. ಅದು ಕೆಲವರಲ್ಲಿ ತಂದೆಯ ಹೆಸರಿನದು, ಕೆಲವರಲ್ಲಿ ಮನೆಯದು, ಕೆಲವರಲ್ಲಿ ಊರಿನದು. ಅಳಿಯಸಂತಾನದ ಮನೆಗಳಲ್ಲಿ ಬರಿ ತಾಯಿಯಿಂದ ಬರುತ್ತದೆ. ಊರೊಳಗೆ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಮನೆಯ ಹೆಸರು ಹೇಳಿದರೆ ಅಜ್ಜನವರೆಗೆ ಪರಿಚಯ ತಾನಾಗಿ ಸಿಗುತ್ತಿತ್ತು. ಪಾಸ್‌ಪೋರ್ಟಿನ ಕುಲನಾಮದ ಅಂಕಣಕ್ಕೆ ಈ ವೈವಿಧ್ಯ ಗೊತ್ತಿಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಸಾಕೆಂದು ಬಳಿಕ ತಿಳಿಸಲಾಯಿತಾದರೂ, ಆ ದಿನಗಳಲ್ಲಿ ನಮ್ಮ ಕಚೇರಿಗೆ ಬಂದ ಕರೆಗಳನ್ನು ನಾವು ಮರೆತಿಲ್ಲ. ಆದುದರಿಂದ ಪೋಷಕರಲ್ಲಿ ಒಂದು ವಿನಂತಿ: ಒಂದನೆಯ ತರಗತಿಗೆ ಸೇರಿಸುವಾಗಲೇ ಆ ಒಂದಕ್ಷರವನ್ನು ಬಿಡಿಸಿ ಪೂರ್ಣವಾಗಿ ಬರೆಸಿರಿ. ಮಗು ಹತ್ತನೆಯ ತರಗತಿಗೆ ಬಂದ ಮೇಲೆ ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಓಡುವುದು ತಪ್ಪುತ್ತದೆ.

‘ದೇಶ’ ಸುಲಭ, ಭಾರತ ಎಂದರಾಯಿತು. ‘ವಾಸಸ್ಥಳ’ವೂ ಸುಲಭ, ಈಗ ಬಾಡಿಗೆಗಿರುವ ಪಟ್ಟಣದ ಹೆಸರು ಹೇಳಿದರೆ ಸಾಕು. ಆದರೆ ಆ ಏಳು ಪದಗಳಲ್ಲಿ ‘ಊರು’ ಎಂಬುದಿಲ್ಲ. ನಮ್ಮಲ್ಲಿ ಪರಿಚಯವೆಂದರೆ ಮೊದಲು ಅದೇ ತಾನೇ! “ನಿಮಗೆ ಮನೆ ಎಲ್ಲಾಯಿತು?” ಎಂದು ಕೇಳಿದ ಮೇಲೆಯೇ ನಾವು ಹೆಸರು ಕೇಳುವುದು, ಕೆಲವೊಮ್ಮೆ ಹೆಸರು ಕೇಳಲು ಮರೆತೇ ಹೋಗುತ್ತದೆ. ಪರದೇಶದಲ್ಲಿ ಭಾರತೀಯರು ಭಾರತೀಯರನ್ನು ಕಂಡಾಗ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಮ್ಮವರು ತಡವರಿಸುವುದೂ ಅಲ್ಲೇ. ಕೇರಳ ಎಂದರೆ ಎದುರಿನವರು ಮಲಯಾಳದಲ್ಲಿ ಮಾತು ಮುಂದುವರಿಸುತ್ತಾರೆ. ಕನ್ನಡ ಎಂದರೆ ಕರ್ನಾಟಕದ ಯಾವ ಜಿಲ್ಲೆಯೆಂದು ಕೇಳುತ್ತಾರೆ. ಗಲ್ಫಿನಲ್ಲಿರುವ ನಮ್ಮ ವಿದ್ಯಾರ್ಥಿಯೊಬ್ಬ ಓಣಂ ಊಟಕ್ಕೂ ಹೋಗುತ್ತಾನೆ, ರಾಜ್ಯೋತ್ಸವಕ್ಕೂ ಹೋಗುತ್ತಾನೆ. ಎರಡು ಕಡೆಯೂ ತನ್ನನ್ನು ಅತಿಥಿಯೆಂದೇ ಆದರಿಸುತ್ತಾರೆಂದು ನಗುತ್ತ ಹೇಳಿದ. ಆ ನಗುವಿನ ಹಿಂದಿನದನ್ನು ಇಲ್ಲಿರುವ ನಿಮಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿಗೆ ಹೋದರೂ ನಮ್ಮ ಪಾಡು ಅಷ್ಟೇನೂ ಬೇರೆಯಲ್ಲ. ನಮ್ಮದು ಪುಸ್ತಕದ ಕನ್ನಡ ಎನ್ನುತ್ತಾರೆ. ಪುಸ್ತಕದಿಂದ ಕಲಿತವರು ಪುಸ್ತಕದಂತೆ ಮಾತಾಡದೆ ಇನ್ನು ಹೇಗೆ ಮಾತಾಡಿಯಾರು?

ಈ ಪ್ರಶ್ನೆಗೆ ನಾವು ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೂರು ವಾಕ್ಯಗಳ ಉತ್ತರವೊಂದನ್ನು ಕಲಿಸುತ್ತ ಬಂದಿದ್ದೇವೆ. ನಮ್ಮ ಊರು ಕೇರಳದ ಅತ್ಯಂತ ಉತ್ತರದ ಜಿಲ್ಲೆಯಾದ ಕಾಸರಗೋಡಿನಲ್ಲಿದೆ. 1956ರ ನವೆಂಬರ್ 1ರವರೆಗೆ ಅದು ಮಂಗಳೂರಿನೊಂದಿಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ರಾಜ್ಯಗಳ ಗಡಿ ಬದಲಾಯಿತು, ನಾವು ಇದ್ದಲ್ಲೇ ಇದ್ದೇವೆ, ಕನ್ನಡದಲ್ಲಿ ಕಲಿಯುತ್ತಿದ್ದೇವೆ. ಮಹಾಜನ ಆಯೋಗ, ಚಂದ್ರಗಿರಿ ಹೊಳೆ, ಹೋರಾಟಗಳು ಇವೆಲ್ಲ ಎರಡನೆಯ ಭೇಟಿಗಿರಲಿ. ಮೊದಲ ಪರಿಚಯದಲ್ಲೇ ಅಳಲು ತೋಡಿಕೊಂಡರೆ ಕೇಳುವವರು ಗಡಿಯಾರ ನೋಡುತ್ತಾರೆ.

ಇನ್ನು ‘ಭಾಷೆಗಳು’. ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಜರ್ಮನಿಯಲ್ಲಿ ದಾದಿಯಾಗಿರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಪರೀಕ್ಷೆಯ ಸುದ್ದಿಯನ್ನು ದೂರವಾಣಿಯಲ್ಲಿ ನಮಗೆ ವರದಿ ಮಾಡಿದಳು. ಭಾಷೆಗಳ ಸರದಿ ಬಂದಾಗ ಅವಳು ತುಳು, ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ಎಂದು ಹೇಳಿ, ಈಗ ಸ್ವಲ್ಪ ಜರ್ಮನ್ ಎಂದು ಸೇರಿಸಿದಳಂತೆ. ಪರೀಕ್ಷಕರು ಹುಬ್ಬೇರಿಸಿ ಮಾತೃಭಾಷೆ ಯಾವುದೆಂದು ಕೇಳಿದರಂತೆ. “ಅಮ್ಮನೊಡನೆ ತುಳು, ಶಾಲೆಯಲ್ಲಿ ಕನ್ನಡ” ಎಂದು ಎರಡು ಚಿಕ್ಕ ವಾಕ್ಯಗಳಲ್ಲಿ ಮುಗಿಸಿದೆನೆಂದಳು. ಇದಕ್ಕಿಂತ ನಿಖರವಾದ ಉತ್ತರವನ್ನು ನಾವೂ ಹೇಳಿಕೊಡಲಾರೆವು.

ಪೋಷಕರು ಗಮನಿಸಬೇಕಾದುದು ಇದನ್ನು. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಗ್ರಾಂಥಿಕ ಕನ್ನಡ ಆಡುವವರು ಎಂದಿಗೂ ಹೆಚ್ಚಿರಲಿಲ್ಲ. ಮೊದಲ ದಿನ ಒಂದು ಮಗು ‘ಎನ್ನ ಪುದರ್’ ಎನ್ನುತ್ತದೆ, ಇನ್ನೊಂದು ‘ಎನ್ನ ಹೆಸರು’ ಎಂದು ಹವ್ಯಕ ಮಾತಿನಲ್ಲಿ ಹೇಳುತ್ತದೆ, ಮಗದೊಂದು ‘ಎಂಡೆ ಪೇರ್’ ಎನ್ನುತ್ತದೆ. ಕೊಂಕಣಿ, ಮರಾಠಿ, ಬ್ಯಾರಿ ಮನೆಗಳ ಮಕ್ಕಳು ಬೇರೆ. ಐದೋ ಆರೋ ವರ್ಷದ ಈ ಮಕ್ಕಳೆಲ್ಲ ಒಂದು ತಿಂಗಳೊಳಗೆ ‘ನನ್ನ ಹೆಸರು’ ಎಂದು ಎದ್ದು ನಿಲ್ಲಲು ಕಲಿಯುತ್ತಾರೆ. ಅಂದರೆ ಮನೆಯಾಚೆಯ ಭಾಷೆಯೊಂದರಲ್ಲಿ, ಅಪರಿಚಿತರ ನಡುವೆ, ತಮ್ಮ ಪರಿಚಯ ಹೇಳಿಕೊಳ್ಳುವ ಪಾಠ ಅವರಿಗೆ ಅಂದೇ ಆಗಿದೆ. ವಿಮಾನ ಹತ್ತಿದ ಮೇಲೆ ನಡೆಯುವುದು ಅದರ ಪುನರಾವರ್ತನೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕನ್ನಡ ಅವರಿಗೂ ಕಲಿತು ಒಲಿಸಿಕೊಂಡ ಭಾಷೆಯೇ.

ಕನ್ನಡದಲ್ಲಿ ಕಲಿತವರಿಗೆ ಪರಭಾಷೆ ಕಷ್ಟವೆಂಬ ಮಾತಿಗೂ ಆ ಹುಡುಗಿಯಿಂದಲೇ ನಮಗೆ ಒಂದು ಉತ್ತರ ಸಿಕ್ಕಿತು. ಜರ್ಮನ್ ಭಾಷೆಯಲ್ಲಿ ಆಪ್ತರಿಗೆ ‘ಡು’ ಎಂದೂ ಗೌರವಕ್ಕೆ ‘ಜೀ’ ಎಂದೂ ಎರಡು ಬಗೆ. ಇಂಗ್ಲಿಷಿನಿಂದ ಬರುವವರಿಗೆ ಇದು ಹೊಸತು. ನೀನು-ನೀವು ಬಲ್ಲವರಿಗೆ ಹೊಸತೇನೂ ಅಲ್ಲ. ಚಳಿಯಾದಾಗ ಇಂಗ್ಲಿಷಿನವರು ‘ನಾನು’ ಎಂದು ವಾಕ್ಯ ಆರಂಭಿಸಿದರೆ ಜರ್ಮನರು ‘ಮಿರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ‘ಮಿರ್’ ಎಂದರೆ ‘ನನಗೆ’. ನಾವು ‘ನನಗೆ ಚಳಿ’ ಎಂದಂತೆಯೇ! ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ನಮಗೆ ಒಗ್ಗಿದ ಕ್ರಮ. ಪ್ರಥಮಾ, ದ್ವಿತೀಯಾ ಎಂದು ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದವರಿಗೆ ಅಲ್ಲಿನ ನಾಲ್ಕು ವಿಭಕ್ತಿಗಳು ಭಯ ಹುಟ್ಟಿಸಲಿಲ್ಲವೆಂದು ಅವಳೆಂದಾಗ, ಏಳನೆಯ ತರಗತಿಯಲ್ಲಿ ಅವಳಿಗೆ ವ್ಯಾಕರಣ ಕಲಿಸಿದ ನಮ್ಮ ಸಹೋದ್ಯೋಗಿಯ ಮುಖ ನೋಡಬೇಕಿತ್ತು. ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಇಂಗ್ಲಿಷ್ ಚೆನ್ನಾಗಿಯೇ ಬರಬೇಕು, ಅದನ್ನು ಮಾತಾಡಿಸಿ ಕಲಿಸಬೇಕು. ಆದರೆ ಕಲಿಕೆಯ ಮಾಧ್ಯಮ ಬದಲಿಸಿದ ಮಾತ್ರಕ್ಕೆ ನಾಲಗೆ ಸಡಿಲವಾಗುತ್ತದೆಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ.

ಈ ಪ್ರಯಾಣ ಹಿಂದೆ ಅತ್ತಕಡೆಯಿಂದಲೂ ನಡೆದಿದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದರ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದರು, ಕಿಟ್ಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ನಮ್ಮ ದಕ್ಷಿಣಕ್ಕೆ ತಲಶ್ಶೇರಿಯಲ್ಲಿ ನೆಲೆಸಿದ್ದ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಹೊರಬಂತು. ಎರಡು ನಿಘಂಟುಗಳ ನಡುವೆ ಕಾಸರಗೋಡು ಇದೆ. ಆ ಜರ್ಮನರೂ ಒಂದು ದಿನ ಇಲ್ಲಿನ ಯಾವುದೋ ಜಗಲಿಯಲ್ಲಿ ಕುಳಿತು ತಮ್ಮ ಹೆಸರು, ಊರುಗಳನ್ನು ನಮ್ಮ ಭಾಷೆಯಲ್ಲಿ ತಡವರಿಸುತ್ತ ಹೇಳಿಕೊಂಡಿರಲೇಬೇಕು.

ಕುಟುಂಬದ ವಿಚಾರಕ್ಕೆ ಬಂದರೆ, ಒಡಹುಟ್ಟಿದವರು ಎಷ್ಟು ಜನ ಎಂಬ ಸರಳ ಪ್ರಶ್ನೆಗೆ ನಮ್ಮವರು ಲೆಕ್ಕ ತಪ್ಪುತ್ತಾರೆ. ದೊಡ್ಡಪ್ಪನ ಮಗ ನಮಗೆ ಅಣ್ಣ, ಚಿಕ್ಕಮ್ಮನ ಮಗಳು ತಂಗಿ. ಸೋದರತ್ತೆಯ ಮಗ ಮಾತ್ರ ಭಾವ. ಅಲ್ಲಿ ಇವರೆಲ್ಲರಿಗೂ ಬೇರೊಂದೇ ಪದ. ಮನೆಯಲ್ಲಿ ಅಣ್ಣನೆಂದು ಕರೆದವನನ್ನು ಪರರ ಮುಂದೆ ಅಣ್ಣನಲ್ಲವೆಂದು ಹೇಳಲು ಬಾಯಿ ಬರುವುದಿಲ್ಲವೆಂದು ಹಲವರು ನಮ್ಮಲ್ಲಿ ಹೇಳಿದ್ದಾರೆ. ಅರ್ಜಿಯಲ್ಲಿ ಅವರ ಲೆಕ್ಕ ಬರೆಯಿರಿ, ಮಾತಿನಲ್ಲಿ ನಿಮ್ಮ ಲೆಕ್ಕ ಇರಲಿ ಎಂಬುದು ನಮ್ಮ ಸಲಹೆ.

ಕೊನೆಯದು ಹವ್ಯಾಸ. ಇದರಲ್ಲಿ ಮಕ್ಕಳು ನಮ್ಮನ್ನು ಬೇಸರಗೊಳಿಸುತ್ತಾರೆ! ‘ನನ್ನ ಹವ್ಯಾಸಗಳು’ ಎಂದು ಪ್ರಬಂಧ ಬರೆಯಲು ಹೇಳಿದರೆ ಕ್ರಿಕೆಟ್, ಸಂಗೀತ ಕೇಳುವುದು, ಪುಸ್ತಕ ಓದುವುದು ಎಂದು ಮೂವತ್ತು ಮಂದಿಯೂ ಒಂದೇ ಬರೆಯುತ್ತಾರೆ. ಅವರಲ್ಲೊಬ್ಬ ರಾತ್ರಿ ತಾಳಮದ್ದಳೆಗೆ ಹೋಗಿ ಅಜ್ಜನ ಪಕ್ಕದಲ್ಲಿ ಚಕ್ರತಾಳ ಬಾರಿಸುವವನು. ಇನ್ನೊಬ್ಬಳು ಮಲ್ಲಿಗೆಯನ್ನು ಎಣಿಸಿ ಅಟ್ಟೆ ಕಟ್ಟುವುದರಲ್ಲಿ ತಾಯಿಯನ್ನೂ ಮೀರಿಸಿದವಳು. ಮತ್ತೊಬ್ಬನ ಅಜ್ಜ ಮುರಕಲ್ಲಿನ ಗುಡ್ಡದೊಳಕ್ಕೆ ಸುರಂಗ ಕೊರೆದು ನೀರು ತಂದವರು. ಒಬ್ಬರು ಮಾತ್ರ ಹೋಗಬಹುದಾದ ಆ ದಾರಿಯೊಳಗೆ ಹುಡುಗ ದೀಪ ಹಿಡಿದು ಹೋಗಿ ನೀರಿನ ಒರತೆ ನೋಡಿ ಬಂದಿದ್ದಾನೆ. ಬಾವಿಯನ್ನು ಕೆಳಕ್ಕೆ ತೋಡದೆ ಅಡ್ಡಕ್ಕೆ ಕೊರೆಯುವ ಊರಿನಿಂದ ಬಂದವನೆಂದು ಹೇಳಿಕೊಂಡರೆ ಯಾವ ದೇಶದವನಾದರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂರುತ್ತಾನೆ. ಇವು ಹವ್ಯಾಸಗಳೆಂದು ಮಕ್ಕಳಿಗೆ ತೋರುವುದೇ ಇಲ್ಲ, ಮನೆಯ ಕೆಲಸಗಳೆಂದಷ್ಟೇ ಅವರ ಎಣಿಕೆ. ಆದುದರಿಂದ ಈ ವರ್ಷ ಪ್ರಬಂಧದ ತಲೆಬರಹವನ್ನು ಬದಲಿಸಿ ‘ನಮ್ಮ ಮನೆಯಲ್ಲಿ ನನಗೆ ಮಾತ್ರ ಬರುವ ಕೆಲಸ’ ಎಂದು ಕೊಟ್ಟೆವು. ಬಂದ ಬರಹಗಳಲ್ಲಿ ಆರನ್ನು ಈ ಸಂಚಿಕೆಯಲ್ಲಿ ಸೇರಿಸಿದ್ದೇವೆ, ಓದಿ ನೋಡಿರಿ.

ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ನಾವು ಹಣವನ್ನಷ್ಟೇ ಕೇಳುತ್ತೇವೆಂಬ ಮಾತು ಇದೆ. ಕಟ್ಟಡದ ಮಾಡಿನ ಕೆಲಸ ಬಾಕಿ ಇರುವುದರಿಂದ ಅದನ್ನು ಕೇಳುವುದನ್ನು ನಾವು ಬಿಡುವುದೂ ಇಲ್ಲ. ಆದರೆ ಇಂದು ಬೇರೊಂದನ್ನು ಕೇಳುತ್ತೇವೆ. ನೀವಿರುವ ದೇಶದ ಭಾಷೆಯಲ್ಲಿ ಎರಡು ನಿಮಿಷ, ಅನಂತರ ಕನ್ನಡದಲ್ಲಿ ಎರಡು ನಿಮಿಷ ನಿಮ್ಮ ಪರಿಚಯ ಹೇಳಿ ಧ್ವನಿಮುದ್ರಿಸಿ ಕಳುಹಿಸಿರಿ. ಒಂಬತ್ತನೆಯ ತರಗತಿಗೆ ಶನಿವಾರದಂದು ಅದನ್ನು ಕೇಳಿಸುತ್ತೇವೆ. ನಿಮ್ಮ ಉಚ್ಚಾರ ಶುದ್ಧವಾಗಿರಬೇಕೆಂದಿಲ್ಲ. ಅಲ್ಲಿ ಹುಟ್ಟಿದ ನಿಮ್ಮ ಮಕ್ಕಳು ಹೇಳಿದರೆ ಇನ್ನೂ ಸಂತೋಷ. ರಜೆಯಲ್ಲಿ ಬಂದಾಗ ಅಂಗಡಿಯ ಅಜ್ಜ “ನೀನು ಯಾರ ಮನೆಯ ಮಗು?” ಎಂದು ಕೇಳಿದರೆ ಅವರು ತಾಯಿಯ ಸೆರಗಿನ ಹಿಂದೆ ಅಡಗದೆ ಉತ್ತರಿಸುವಂತಾಗಬೇಕು.

ನಮ್ಮ ಮಾತು ಇಷ್ಟೇ. ಈಗ ಈ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ವೇದಿಕೆಗೆ ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ಹೆಸರು, ಮನೆಯ ಹೆಸರು, ಇಷ್ಟದ ಆಟ, ಈ ಮೂರನ್ನು ಮೊದಲು ಮನೆಮಾತಿನಲ್ಲಿ, ಬಳಿಕ ಕನ್ನಡದಲ್ಲಿ ಹೇಳುತ್ತಾರೆ. ಕೆಲವರಿಗೆ ಮೈಕು ಕಂಡರೆ ಅಳು ಬರುತ್ತದೆ. ದಯಮಾಡಿ ಹೆತ್ತವರು ವೇದಿಕೆಯ ಬಳಿಗೆ ಬರಬಾರದು, ಅಲ್ಲಿ ಟೀಚರ್ ಇದ್ದಾರೆ.