ಬೇಕಾಗುವ ಮುನ್ನವೇ ಬ್ಯಾಟರಿ ಜೋಪಾನ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುವಿನ ಪಾಲನೆ, ಇವನ್ನು ಬಿಟ್ಟು ದನದ ಡಾಕ್ಟರು ಡ್ರೋನ್ ಬ್ಯಾಟರಿಯ ಮಾತು ಎತ್ತಿದ್ದಾರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನನಗೂ ಈ ವಿಷಯ ಎದುರಾದದ್ದು ಕೊಟ್ಟಿಗೆಯಲ್ಲಿಯೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಹುಣಸೂರು ತಾಲ್ಲೂಕಿನ ಒಂದು ಹಳ್ಳಿಗೆ ಕಷ್ಟದ ಕರು ಹಾಕಿಸಲು ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಕೊಟ್ಟಿಗೆಯ ಅಟ್ಟದ ಮೇಲೆ ಕಣ್ಣು ಹೋಯಿತು. ಮೇಲೆ ತಗಡು, ಪಕ್ಕದಲ್ಲಿ ರಾಗಿ ಹುಲ್ಲು, ನಡುವೆ ಗೋಣಿಚೀಲದ ಮೇಲೆ ಸಾಲಾಗಿ ಡ್ರೋನ್ ಬ್ಯಾಟರಿಗಳು. ಅವುಗಳಲ್ಲಿ ಕೆಲವು, ಎಳೆ ಹಸಿರು ಸೊಪ್ಪು ತಿಂದು ಹೊಟ್ಟೆ ಉಬ್ಬರಿಸಿದ ದನದಂತೆ ಊದಿಕೊಂಡಿದ್ದವು. ಮನೆಯಾಕೆ ಸಂಘದ ಡ್ರೋನ್ ಹಾರಿಸುವವರು. "ಡಾಕ್ಟ್ರೇ, ಮಳೆಗಾಲಕ್ಕೆ ಬೇಕಾಗುತ್ತೆ ಅಂತ ಎಲ್ಲಾನೂ ಫುಲ್ ಚಾರ್ಜ್ ಮಾಡಿ ಮೂರು ತಿಂಗಳಿಂದ ಜೋಪಾನವಾಗಿ ಇಟ್ಟಿದ್ದೀನಿ" ಎಂದರು. ಆಕೆಯ ಶ್ರದ್ಧೆಯಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಇಟ್ಟ ಕ್ರಮ ತಪ್ಪಾಗಿತ್ತು. ಮಳೆ ಬಿದ್ದು ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದಾಗ, ಐದು ಸೆಟ್ಟುಗಳಲ್ಲಿ ಕೆಲಸಕ್ಕೆ ಬಂದದ್ದು ಎರಡು. ಹುಳು ಸುಳಿಯೊಳಗೆ ಸೇರುವ ಮೊದಲು ಔಷಧಿ ಬೀಳಬೇಕು. ಕೆಲವರ ಹೊಲಕ್ಕೆ ಆ ಹೊತ್ತಿಗೆ ಬೀಳಲಿಲ್ಲ. ಸಂಘಕ್ಕೆ ಬಾಡಿಗೆ ಹೋಯಿತು, ಸಾಲದ ಕಂತು ಉಳಿಯಿತು, ಹಸುಗಳಿಗೆ ಮೇವು ಕಡಿಮೆಯಾಯಿತು. "ಬಾಯಾರಿದಾಗ ಬಾವಿ ತೋಡಿದರು" ಎಂಬ ಗಾದೆ ನಿಮಗೆ ಗೊತ್ತು. ಆಕೆ ಮೊದಲೇ ಬಾವಿ ತೋಡಿದ್ದರು, ಆದರೆ ನೀರು ಕೆಡದಂತೆ ಕಾಯುವುದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ನಮ್ಮ ವಿಷಯ ಹೇಗೆ?

2023ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ "ನಮೋ ಡ್ರೋನ್ ದೀದಿ" ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು ಗುರಿಯಾಗಿತ್ತು. ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಉಳಿದದ್ದಕ್ಕೆ ಸಂಘ ಸಾಲ ಪಡೆಯಬಹುದಿತ್ತು. 2024ರ ಮಾರ್ಗಸೂಚಿಯಂತೆ ಡ್ರೋನಿನ ಜೊತೆಗೆ ಬರುವ ಬ್ಯಾಟರಿಯಲ್ಲದೆ ಇನ್ನೂ 4 ಹೆಚ್ಚುವರಿ ಸೆಟ್ಟುಗಳು, ಚಾರ್ಜರುಗಳು, ಬಿಡಿ ರೆಕ್ಕೆಗಳು ಮತ್ತು 15 ದಿನಗಳ ತರಬೇತಿ ಸೇರಿವೆ. ಬ್ಯಾಟರಿಗಳನ್ನು ಬದಲಿಸುತ್ತಾ ಹಾರಿಸಿದರೆ ದಿನಕ್ಕೆ 20 ಎಕರೆ ಮುಗಿಸಬಹುದೆಂಬುದು ಲೆಕ್ಕಾಚಾರ. ಅಂದರೆ ಹೆಚ್ಚುವರಿ ಬ್ಯಾಟರಿ ಇಲ್ಲದಿದ್ದರೆ ಡ್ರೋನ್ ಇದ್ದೂ ಇಲ್ಲದ ಹಾಗೆ.

ಡ್ರೋನ್ ಹಾರಿಸುವ ಅಕ್ಕಂದಿರು ಬೆಳಿಗ್ಗೆ ಡೈರಿಗೆ ಹಾಲು ಹಾಕುವವರೇ. ಔಷಧಿ ಬಿದ್ದ ಜೋಳದ ಕಡ್ಡಿ ಕೊನೆಗೆ ಬರುವುದು ನಮ್ಮ ಹಸುವಿನ ಗೋದಲಿಗೆ. ಬ್ಯಾಟರಿ ಇಡಲು ಮನೆಯಲ್ಲಿ ಸಿಗುವ ಜಾಗವೂ ಹೆಚ್ಚಾಗಿ ಕೊಟ್ಟಿಗೆಯ ಅಟ್ಟ ಅಥವಾ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಕೋಣೆ. ಹೀಗಾಗಿ ಇದು ನಮ್ಮದೇ ವಿಷಯ.

ಬತ್ತಿದ ಹಸುವಿನ ಹಾಗೆ

ನಮ್ಮ ಸಂಘದಲ್ಲಿ ಹಾಲು ಪರೀಕ್ಷಾ ಯಂತ್ರಕ್ಕೆ ಯುಪಿಎಸ್ ಬ್ಯಾಟರಿ ಇದೆ. ಅದು ಸೀಸ ಮತ್ತು ಆಮ್ಲದ ಬ್ಯಾಟರಿ. ಅದನ್ನು ಸದಾ ಪೂರ್ತಿ ಚಾರ್ಜಿನಲ್ಲಿ ಇಡಬೇಕು, ಖಾಲಿ ಬಿಟ್ಟರೆ ಕೆಡುತ್ತದೆ. ಈ ಅಭ್ಯಾಸವನ್ನೇ ಡ್ರೋನ್ ಬ್ಯಾಟರಿಗೂ ಅನ್ವಯಿಸುವುದರಿಂದ ತೊಂದರೆ ಆರಂಭವಾಗುತ್ತದೆ. ಡ್ರೋನಿನದು ಲಿಥಿಯಂ ಬ್ಯಾಟರಿ. ಅದರ ಗುಣವೇ ಬೇರೆ.

ಗಬ್ಬದ ಹಸುವನ್ನು ಕರು ಹಾಕುವ ಎರಡು ತಿಂಗಳ ಮೊದಲು ಬತ್ತಿಸುತ್ತೀರಲ್ಲವೇ? ಆಗ ಅತಿಯಾಗಿ ಹಿಂಡಿ ಕೊಟ್ಟು ಕೊಬ್ಬಿಸಿದರೂ ಕಷ್ಟ, ಉಪವಾಸ ಕೆಡವಿದರೂ ಕಷ್ಟ. ವಿಶ್ರಾಂತಿಯಲ್ಲಿರುವ ಲಿಥಿಯಂ ಬ್ಯಾಟರಿಯೂ ಹಾಗೆಯೇ. ಪೂರ್ತಿ ತುಂಬಿಟ್ಟರೆ ಒಳಗಿನ ರಾಸಾಯನಿಕ ಬೇಗ ಹಾಳಾಗಿ ಅನಿಲ ಹುಟ್ಟಿ ಊದಿಕೊಳ್ಳುತ್ತದೆ. ಖಾಲಿ ಬಿಟ್ಟರೆ ತಾನೇ ಇನ್ನಷ್ಟು ಇಳಿದು ಮತ್ತೆ ಏಳದಂತೆ ಮಲಗುತ್ತದೆ. ಆದ್ದರಿಂದ ಅರ್ಧ ಚಾರ್ಜಿನಲ್ಲಿ, ಅಂದರೆ ಶೇ. 40ರಿಂದ 60ರ ನಡುವೆ ಇಡಬೇಕು.

ಲೆಕ್ಕ ಸುಲಭ. ಸಾಮಾನ್ಯ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಇಡುವಾಗ ಸುಮಾರು 3.8 ವೋಲ್ಟ್ ಇರಬೇಕು. 6 ಸೆಲ್ಲಿನ ಬ್ಯಾಟರಿ ತುಂಬಿದಾಗ 25.2 ವೋಲ್ಟ್, ಇಡುವಾಗ 22.8. 12 ಸೆಲ್ಲಿನದು ತುಂಬಿದಾಗ 50.4, ಇಡುವಾಗ 45.6. ನಿಮ್ಮ ಬ್ಯಾಟರಿಯಲ್ಲಿ ಎಷ್ಟು ಸೆಲ್ ಎಂಬುದು ಅದರ ಮೇಲಿನ ಚೀಟಿಯಲ್ಲಿ ಇರುತ್ತದೆ. ಬಹಳಷ್ಟು ಚಾರ್ಜರುಗಳಲ್ಲಿ "ಸ್ಟೋರೇಜ್" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹೆಚ್ಚಿದ್ದರೆ ಇಳಿಸಿ, ಕಡಿಮೆ ಇದ್ದರೆ ಏರಿಸಿ ತಾನೇ ಸರಿಯಾದ ಮಟ್ಟಕ್ಕೆ ತರುತ್ತದೆ. ಎರಡು ಮೂರು ದಿನಕ್ಕಿಂತ ಹೆಚ್ಚು ಕಾಲ ಹಾರಿಸುವುದಿಲ್ಲವೆಂದಾದರೆ ಹೀಗೆ ಮಾಡಿಯೇ ಇಡಿ. ನಿಮ್ಮ ಡ್ರೋನಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಕೈಪಿಡಿಯ ಮಾತನ್ನೇ ನಡೆಸಿ.

ಎಲ್ಲಿ ಇಡಬೇಕು?

ತಂಪಾದ, ಒಣಗಿದ, ಗಾಳಿಯಾಡುವ ಜಾಗ. ಹೆಂಚಿನ ಮನೆಯ ಒಳಕೋಣೆ, ಗೋಡೆಯ ಪಕ್ಕ, ನೆಲಮಟ್ಟಕ್ಕೆ ಹತ್ತಿರ ಇದ್ದರೆ ಒಳ್ಳೆಯದು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಕೈ ಚಾಚಿ ನೋಡಿ, ಬ್ಯಾಟರಿಯ ಪಾಡು ತಿಳಿಯುತ್ತದೆ. ಬಿಸಿಲಲ್ಲಿ ನಿಂತ ಗೂಡ್ಸ್ ಆಟೋದಲ್ಲೂ ಬಿಡಬೇಡಿ. ಜುಲೈನಿಂದ ಹೊಗೆಸೊಪ್ಪು ಬೇಯಿಸುವ ಕಾಲ, ಬ್ಯಾರನ್ನಿನ ಹತ್ತಿರವಂತೂ ಸುಳಿಯಲೇಬಾರದು.

"ಸಾರ್, ಲಸಿಕೆ ಇಡುವ ಫ್ರಿಜ್ಜಿನಲ್ಲಿ ಇಡಬಹುದಾ?" ಎಂದು ಒಬ್ಬ ಅಣ್ಣ ಕೇಳಿದರು. ಬೇಡ. ಹೊರತೆಗೆದಾಗ ಬ್ಯಾಟರಿ ಬೆವರುತ್ತದೆ, ತೇವ ಒಳಸೇರುತ್ತದೆ. ಆ ಫ್ರಿಜ್ಜು 2ರಿಂದ 8 ಡಿಗ್ರಿಯಲ್ಲಿ ಲಸಿಕೆಗೆ ಮಾತ್ರ ಮೀಸಲು.

ಹುಲ್ಲಿನ ಮೆದೆ, ಹಿಂಡಿ ಚೀಲ, ಸೀಮೆಎಣ್ಣೆ, ಕೀಟನಾಶಕ, ಕಟ್ಟಿದ ದನ, ಮಲಗುವ ಮಕ್ಕಳು, ಇವುಗಳ ಬಳಿ ಬ್ಯಾಟರಿ ಬೇಡವೇ ಬೇಡ. ಸಾಧ್ಯವಾದರೆ ಪ್ರತಿ ಸೆಟ್ಟನ್ನೂ ಬೆಂಕಿ ತಡೆಯುವ ಚೀಲದಲ್ಲಿ ಹಾಕಿ, ಇಲ್ಲವೇ ಒಳಗೆ ಸಿಮೆಂಟ್ ಹಲಗೆ ಹಾಸಿದ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ. ತಂತಿಯ ತುದಿಗಳು ಒಂದಕ್ಕೊಂದು ತಾಗದಂತೆ ಟೋಪಿ ಹಾಕಿ. ಸಾಲಿನಲ್ಲಿ ಯಾವುದಾದರೂ ಊದಿದ್ದರೆ ಅದನ್ನು ಬೇರೆ ಮಾಡಿ ಹೊರಗೆ, ಮನೆ ಮತ್ತು ಮೆದೆಯಿಂದ ದೂರದ ನೆರಳಿನಲ್ಲಿಡಿ. ಹೊಟ್ಟೆ ಉಬ್ಬರಕ್ಕೆ ನಾವು ಟ್ರೋಕಾರ್ ಚುಚ್ಚಿ ಗಾಳಿ ಬಿಡುತ್ತೇವೆ. ಬ್ಯಾಟರಿಗೆ ಮಾತ್ರ ಎಂದಿಗೂ ಚುಚ್ಚಬಾರದು, ಚುಚ್ಚಿದರೆ ಬೆಂಕಿ ಹತ್ತುತ್ತದೆ. ಅದನ್ನು ತಿಪ್ಪೆಗೆ ಎಸೆಯಲೂಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯದನ್ನು ಹಿಂಪಡೆಯುವ ಜವಾಬ್ದಾರಿ ತಯಾರಕರದು. ಮಾರಿದವರನ್ನೇ ಕೇಳಿ.

ಒಂದು ವೇಳೆ ಹೊಗೆ ಬಂದರೆ ಮೊದಲು ಜನ, ನಂತರ ದನ. ಹಗ್ಗ ಬಿಚ್ಚಿ ಹೊರಗೆ ಅಟ್ಟಿ. ಆ ಹೊಗೆ ವಿಷ, ಉಸಿರಾಡಬೇಡಿ. ಕರೆಂಟ್ ಕಿತ್ತ ನಂತರ ದೂರದಿಂದ ಧಾರಾಳವಾಗಿ ನೀರು ಹೊಯ್ಯಿರಿ, 112ಕ್ಕೆ ಫೋನ್ ಮಾಡಿ. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು, ಬಿಟ್ಟು ಹೋಗಬೇಡಿ.

ಹಸುವಿಗೆ ಕಾರ್ಡು, ಬ್ಯಾಟರಿಗೆ ಪುಸ್ತಕ

ಕೃತಕ ಗರ್ಭಧಾರಣೆಗೆ ಕಾರ್ಡು ಬರೆಯುವಂತೆ ಬ್ಯಾಟರಿಗೂ ಒಂದು ನೋಟ್ ಪುಸ್ತಕ ಇಡಿ. ಪ್ರತಿ ಸೆಟ್ಟಿಗೂ 1, 2, 3 ಎಂದು ಸಂಖ್ಯೆ ಅಂಟಿಸಿ. ಕೊಂಡ ದಿನ, ಹಾರಿಸಿದ ದಿನ, ಇಟ್ಟಾಗಿನ ವೋಲ್ಟ್ ಬರೆಯಿರಿ. ತಿಂಗಳಿಗೊಮ್ಮೆ ಅಳೆದು ನೋಡಿ. ದ್ರವ ಸಾರಜನಕದ ಜಾಡಿಗೆ ಕಡ್ಡಿ ಇಳಿಸಿ ಮಟ್ಟ ನೋಡುವುದನ್ನು ನಾವು ಎಂದಾದರೂ ಮರೆಯುತ್ತೇವೆಯೇ? ಮರೆತರೆ ವೀರ್ಯ ನಳಿಕೆಗಳೆಲ್ಲ ವ್ಯರ್ಥ. ಇದೂ ಅಷ್ಟೇ. ಸೆಲ್ ಸೆಲ್ಲಿಗೂ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಬ್ಯಾಟರಿಯ ಮೇಲೆ ಕಣ್ಣಿಡಿ. 3 ವೋಲ್ಟಿಗಿಂತ ಕೆಳಗಿಳಿದ ಸೆಲ್ ಇರುವುದನ್ನು ಬಲವಂತವಾಗಿ ಚಾರ್ಜ್ ಮಾಡಬೇಡಿ, ತಿಳಿದವರಿಗೆ ತೋರಿಸಿ.

ಜೋಡಿಯಾಗಿ ಬಳಸುವ ಬ್ಯಾಟರಿಗಳನ್ನು ಬೆರೆಸಬೇಡಿ. ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹೂಡಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಡಿಮೆ ಬೆಲೆಗೆ ಸಿಕ್ಕಿತೆಂದು ಎರಡು ಮೂರು ವರ್ಷಕ್ಕಾಗುವಷ್ಟು ಕೊಂಡಿಡುವುದೂ ಲಾಭವಲ್ಲ. ಹಾರಿಸದಿದ್ದರೂ ಲಿಥಿಯಂ ಬ್ಯಾಟರಿಗೆ ವಯಸ್ಸಾಗುತ್ತದೆ. ಆ ಹಂಗಾಮಿಗೆ ಬೇಕಾದಷ್ಟು ಕೊಳ್ಳಿ, ತಯಾರಾದ ದಿನಾಂಕ ನೋಡಿ ಕೊಳ್ಳಿ.

ಮಳೆಗೆ ಮೂರು ವಾರ ಮುಂಚೆ

ಕೋಟೆ ಕಡೆಯ ಹತ್ತಿ, ಮುಸುಕಿನ ಜೋಳ, ಹುಣಸೂರು, ಪಿರಿಯಾಪಟ್ಟಣದ ಮಳೆ ಆಶ್ರಿತ ಬೆಳೆ, ಕೆ.ಆರ್. ನಗರದ ನಾಲೆ ಬಯಲಿನ ಭತ್ತ. ಎಲ್ಲದಕ್ಕೂ ಔಷಧಿಯ ಗಡಿಬಿಡಿ ಬರುವ ಸಮಯ ನಿಮಗೆ ಗೊತ್ತು. ಅದಕ್ಕೆ ಮೂರು ವಾರ ಮುಂಚೆ ಪ್ರತಿ ಸೆಟ್ಟನ್ನೂ ತುಂಬಿಸಿ, ತೊಟ್ಟಿಯಲ್ಲಿ ಬರೀ ನೀರು ಹಾಕಿ ಹಾರಿಸಿ, ಎಷ್ಟು ನಿಮಿಷ ನಿಂತಿತು ಬರೆದುಕೊಳ್ಳಿ. ದುರ್ಬಲವಾದದ್ದು ಆಗಲೇ ಗೊತ್ತಾದರೆ ಬದಲಿಸಲು ಸಮಯವಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಅರ್ಧಕ್ಕೆ ಇಳಿಸಿ ಇಡಿ. ಪೂರ್ತಿ ಚಾರ್ಜು ಹಾರಿಸುವ ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ಸಾಕು. ಚಾರ್ಜಿಗೆ ಹಾಕಿ ಮಲಗಬೇಡಿ, ಎದುರಿಗೆ ಯಾರಾದರೂ ಇರಬೇಕು. ಹಾರಿ ಬಂದ ಬಿಸಿ ಬ್ಯಾಟರಿಯನ್ನು ನೆರಳಲ್ಲಿ ಆರಿಸಿಯೇ ಚಾರ್ಜಿಗೆ ಹಾಕಬೇಕು.

ಕೊನೆಯದಾಗಿ ನನ್ನ ವೃತ್ತಿಯ ಮಾತು. ಔಷಧಿ ಹೊಡೆದ ಮೇವನ್ನು ಡಬ್ಬಿಯ ಚೀಟಿಯಲ್ಲಿ ಹೇಳಿರುವ ದಿನಗಳು ಕಳೆಯುವವರೆಗೆ ಕೊಯ್ಯಬೇಡಿ. ಹಾರಿಸುವ ಮುನ್ನ ಬದುವಿನ ಮೇಲೆ ಕಟ್ಟಿದ ದನಗಳನ್ನು ಬಿಚ್ಚಿ ದೂರ ಕಟ್ಟಿ, ಕುಡಿಯುವ ನೀರಿನ ತೊಟ್ಟಿ ಮುಚ್ಚಿ. ಹಾಲಿನ ಶುದ್ಧತೆ ಅಲ್ಲಿಂದಲೇ ಆರಂಭ.

ಆ ಹುಣಸೂರಿನ ಅಕ್ಕ ಈಗ ಅಟ್ಟದಿಂದ ಬ್ಯಾಟರಿ ಇಳಿಸಿ ಒಳಮನೆಯ ಪೆಟ್ಟಿಗೆಗೆ ಹಾಕಿದ್ದಾರೆ. ಪುಸ್ತಕವನ್ನು ಅವರ ಮಗಳು ಬರೆಯುತ್ತಾಳೆ. ಕಳೆದ ಸಲ ಕರುವಿಗೆ ಜಂತುನಾಶಕ ಕುಡಿಸಲು ಹೋದಾಗ ಮೊದಲು ನನ್ನ ಕೈಗೆ ಕೊಟ್ಟದ್ದು ಕಾಫಿಯಲ್ಲ, ಆ ಪುಸ್ತಕ. ನೀವೂ ಈ ದಿನ ಮನೆಗೆ ಹೋದ ಕೂಡಲೇ ಅಟ್ಟ ಹತ್ತಿ ಒಮ್ಮೆ ನೋಡಿ.