ಕುರ್ಚಿ ಬಿಟ್ಟು ಇಳಿದ ಸ್ವಯಂಸೇವಕ

(ಮೈಸೂರಿನಲ್ಲಿ ಮಿಲ್ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಸ್ವಯಂಸೇವಕರಾಗಲು ಹೆಸರು ಕೊಟ್ಟಿರುವ ನಮ್ಮ ತರುಣರು ಮೊನ್ನೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಮೇಷ್ಟ್ರೇ, ಗುರುತು ಪರಿಚಯವಿಲ್ಲದ ಊರಿಗೆ ಸೇವೆಗೆಂದು ಹೋದರೆ ಮೊದಲು ಏನು ಮಾಡಬೇಕು?" ನಾನು ಸಮುದ್ರ ದಾಟಿದವನಲ್ಲ. ಆದುದರಿಂದ ದಾಟಿದವರೊಬ್ಬರ ಕಥೆಯನ್ನೇ ಹೇಳುತ್ತೇನೆ.

ಸೊಲ್ಲಾಪುರದ ಚಾದರವನ್ನು ನಮ್ಮ ಜವಳಿ ವ್ಯಾಪಾರಿಗಳೆಲ್ಲ ಬಲ್ಲರು. ಅದು ಮಿಲ್ಲುಗಳಿಂದ ಬೆಳೆದ ಊರು. ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಗಡಿಯ ಊರು. ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ಅಲ್ಲಿ ಹುಟ್ಟಿದರು, ಬೊಂಬಾಯಿಯಲ್ಲಿ ವೈದ್ಯ ಕಲಿತರು. 1937ರಲ್ಲಿ ಜಪಾನಿನ ಸೈನ್ಯ ಚೀನಾದ ಮೇಲೆ ಬಿತ್ತು. ಚೀನಾದ ಸೇನಾನಿ ಚು ತೇ ಅವರು ಜವಾಹರಲಾಲ್ ನೆಹರೂ ಅವರಿಗೆ ಬರೆದು ವೈದ್ಯರ ನೆರವು ಬೇಡಿದರು. ಆಗ ನಾವೇ ಪರರ ಆಳ್ವಿಕೆಯಲ್ಲಿದ್ದೆವು. ಆದರೂ 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆಕೊಟ್ಟರು. ಜನ ಹಣ ಕೂಡಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನೀಸ್ ಎಂಬ ಐವರು ವೈದ್ಯರು ಹೊರಟುನಿಂತರು.

ಕೋಟ್ನೀಸರಿಗೆ ಆಗ ಇಪ್ಪತ್ತೇಳು ವರ್ಷ. ಚೀನಾ ಎಂದರೆ ರೇಷ್ಮೆ ಬಟ್ಟೆ ಮಾರಲು ಬರುವವರ ದೇಶ ಎನ್ನುವುದಕ್ಕಿಂತ ಹೆಚ್ಚಿಗೆ ಜನಕ್ಕೆ ತಿಳಿದಿರಲಿಲ್ಲವೆಂದು ಅವರ ತಂಗಿ ಮುಂದೆ ನೆನೆದಿದ್ದಾರೆ. ತಂದೆ ಧೈರ್ಯ ಹೇಳಿದರು. ತಾಯಿ ಮಗ ದೂರವಾಗುತ್ತಾನಲ್ಲಾ ಎಂದು ನೊಂದರು. ನಮ್ಮ ಮನೆಗಳಲ್ಲಿ ಆಗುವುದೂ ಹೀಗೆಯೇ ಅಲ್ಲವೇ?

1938ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಿಂದ ಹಡಗು ಹತ್ತಿದ ಐವರು ಅದೇ ತಿಂಗಳು ಕ್ಯಾಂಟನ್ ನಗರ ಸೇರಿದರು. ಸನ್ ಯಾಟ್ ಸೆನ್ ಅವರ ಪತ್ನಿ ಸೂಂಗ್ ಚಿಂಗ್ ಲಿಂಗ್ ಅವರು ಸ್ವಾಗತ ನೀಡಿದರು. ನೆಂಟರು ಬಂದರೆಂಬ ಸಡಗರ ಒಂದು ಕಡೆ, ಆಕಾಶದಿಂದ ಬಾಂಬು ಇನ್ನೊಂದು ಕಡೆ. ಅಲ್ಲಿಂದ ಹ್ಯಾಂಕೋ ನಗರಕ್ಕೆ ಹೋದರು. ಅಕ್ಟೋಬರ್ ಮುಗಿಯುವುದರೊಳಗೆ ಕ್ಯಾಂಟನ್ ಬಿತ್ತು, ಹ್ಯಾಂಕೋ ಕೂಡ ಬಿತ್ತು. ಪರದೇಶದಲ್ಲಿ ಅವರು ಕಂಡ ಮೊದಲ ನೋಟ ಇದು: ತಾವು ಕಾಲಿಟ್ಟ ಊರುಗಳು ಬೆನ್ನ ಹಿಂದೆಯೇ ಶತ್ರುವಿನ ವಶವಾಗುತ್ತಿದ್ದವು. ಯಾಂಗ್‌ಟ್ಸೆ ನದಿಯ ಮೇಲುಗಡೆಯ ಚುಂಗ್‌ಕಿಂಗ್‌ಗೆ ಸರಿದರು. ಅಲ್ಲಿ ಐವರ ಹೆಸರಿಗೂ 'ಹ್ವಾ' ಎಂಬ ಮಾತು ಸೇರಿತು. ಹ್ವಾ ಎಂದರೆ ಚೀನಾ. ಕೋಟ್ನೀಸರು 'ಕೆ ತಿ ಹ್ವಾ' ಆದರು.

ಹೆಸರು ಬದಲಾಯಿತು; ಮನುಷ್ಯ ಬದಲಾಗುವುದು ಅಷ್ಟು ಸುಲಭವೇ? ಇನ್ನೂ ಮುಂದಕ್ಕೆ ಹೊರಡುವ ಮೊದಲೇ, ತಂದೆ ತೀರಿಕೊಂಡರೆಂಬ ಸುದ್ದಿ ಬಂದಿತು. ಆಗ ಊರಿಗೆ ಹಿಂದಿರುಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ. 1939ರ ಫೆಬ್ರವರಿಯಲ್ಲಿ ಯೆನಾನ್ ಸೇರಿದರು. ಮಣ್ಣುಗುಡ್ಡ ಕೊರೆದ ಗುಹೆಗಳಲ್ಲಿ ವಾಸ, ನವಣೆಯ ಊಟ, ನಮ್ಮ ಸೀಮೆಯವರು ಕಾಣದ ಚಳಿ. ಕೋಟ್ನೀಸರು ಚೀನೀ ಭಾಷೆ ಕಲಿಯಲು ಕುಳಿತರು. ಗಾಯಾಳು ಎಲ್ಲಿ ನೋವೆಂದು ಹೇಳಿದರೆ ವೈದ್ಯನಿಗೆ ತಿಳಿಯಬೇಡವೇ? ಕೊನೆಗೆ ಅದೇ ಭಾಷೆಯಲ್ಲಿ ಪಾಠ ಹೇಳುವಷ್ಟು ಕಲಿತರು.

ಜೊತೆಯವರು ಒಬ್ಬೊಬ್ಬರಾಗಿ ದೇಶಕ್ಕೆ ಮರಳಿದರು. ಅವರ ಸೇವೆಯೂ ಕಡಿಮೆಯದಲ್ಲ. ಕೋಟ್ನೀಸರು ಉಳಿದರು. 1940ರ ಕಾಳಗದಲ್ಲಿ 72 ಗಂಟೆ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಕೆನಡಾದ ಡಾಕ್ಟರ್ ಬೆಥ್ಯೂನ್ ಅಲ್ಲಿ ಗಾಯಾಳುಗಳ ಸೇವೆಯಲ್ಲೇ ಬೆರಳು ಗಾಯವಾಗಿ, ರಕ್ತ ನಂಜೇರಿ 1939ರಲ್ಲಿ ಮಡಿದಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರೇ ಮುಖ್ಯಸ್ಥರಾದರು. ಅಲ್ಲಿ ಶುಶ್ರೂಷೆಯ ಕೆಲಸದಲ್ಲಿದ್ದ ಕ್ವೋ ಚಿಂಗ್ ಲಾನ್ ಅವರನ್ನು ಮದುವೆಯಾದರು. ಮಗನಿಗೆ ಇನ್ ಹ್ವಾ ಎಂದು ಹೆಸರಿಟ್ಟರು: ಇನ್ ಎಂದರೆ ಇಂಡಿಯಾ, ಹ್ವಾ ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ತೀರಿಕೊಂಡರು. ವಯಸ್ಸು 32.

1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಯಿತು. ಆದರೂ 1982ರಲ್ಲಿ ಚೀನಾ ಇವರ ಚಿತ್ರದ ಅಂಚೆಚೀಟಿ ತಂದಿತು. 1993ರಲ್ಲಿ ನಮ್ಮ ದೇಶವೂ ತಂದಿತು. ಸರ್ಕಾರಗಳು ಜಗಳವಾಡಿದುವು. ಆ ಸಮಾಧಿಗೆ ಹೂವಿಡುವುದನ್ನು ಜನ ಬಿಡಲಿಲ್ಲ.

ಈಗ ನನ್ನ ಸಣ್ಣ ಅನುಭವವೊಂದನ್ನು ಹೇಳಿ ಮುಗಿಸುತ್ತೇನೆ. ಮೇಷ್ಟ್ರ ಕೆಲಸ ಬಿಟ್ಟು ಮೊದಲ ಸಲ ಮಿಲ್ ಕೆಲಸಗಾರರ ವಠಾರಕ್ಕೆ ಹೋದಾಗ, ಇದ್ದ ಒಂದೇ ಕುರ್ಚಿಯನ್ನು ನನಗೆ ಹಾಕಿದರು. ಪಕ್ಕದ ಮನೆಯಿಂದ ಸಕ್ಕರೆ ತಂದು ಕಾಫಿ ಕೊಟ್ಟರು. ಎಂಥ ಒಳ್ಳೆಯ ಜನ ಎಂದುಕೊಂಡು ಒಂದು ಗಂಟೆ ಭಾಷಣ ಬಿಗಿದೆ. ಮುಗಿದ ಮೇಲೆ ಅಜ್ಜಿಯೊಬ್ಬರು ಕೇಳಿದರು: "ಮೇಷ್ಟ್ರಪ್ಪ, ಇಲ್ಲಿ ನಲ್ಲೀಲಿ ನೀರು ಎಷ್ಟೊತ್ತಿಗೆ ಬತ್ತದೆ ಗೊತ್ತಾ?" ನನಗೆ ಗೊತ್ತಿರಲಿಲ್ಲ. ಒಂದೂವರೆ ಮೈಲಿ ದೂರದಿಂದ ಬಂದ ನಾನು ಅಲ್ಲಿ ಪರದೇಶಿಯೇ ಆಗಿದ್ದೆ. ನೀರು ಬರುತ್ತಿದ್ದುದು ಬೆಳಗಿನ ಜಾವ ಮೂರಕ್ಕೆ. ಕೊಡ ಹಿಡಿದು ಆ ಸಾಲಿನಲ್ಲಿ ಹತ್ತು ದಿನ ನಿಂತ ಮೇಲೆ ಅವರು ನನಗೆ ಕುರ್ಚಿ ಹಾಕುವುದನ್ನು ನಿಲ್ಲಿಸಿದರು. ನನ್ನ ಕೆಲಸ ಶುರುವಾದದ್ದು ಆ ದಿನ.

ತರುಣರೇ, ಪರಸ್ಥಳದಲ್ಲಿ ಮೊದಲು ಕಾಣುವುದು ಉಪಚಾರ. ಅದನ್ನು ಕಂಡು ಆ ಊರನ್ನು ಬಲ್ಲೆವೆಂದು ತಿಳಿಯಬೇಡಿ. ಅವರು ಉಣ್ಣುವುದನ್ನು ಉಣ್ಣಿ, ಅವರ ಮಾತು ಕಲಿಯಿರಿ, ಅವರ ನೀರಿನ ಹೊತ್ತು ತಿಳಿದುಕೊಳ್ಳಿ. ಚೀನಾಕ್ಕೆ ಹೋದರೂ ಅಷ್ಟೇ, ಪಕ್ಕದ ಕೇರಿಗೆ ಹೋದರೂ ಅಷ್ಟೇ.